‘ಚೋಮನ ದುಡಿ’ಯ ಆಶಯ: ಒಂದೇ ಪದ ಬರೆದು ಕತೆ ಹೇಳಿಬಿಡುತ್ತಾರೆ, ಏನು ಮಾಡುವುದು?

ಪದವಿ_ಕನ್ನಡ:
ಪದವಿ ಮೊದಲ ವರ್ಷಕ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿ ಪಾಠ; ಸ್ವಂತಕ್ಕೆ ಉಳುವ ಆಸೆ ಹೊತ್ತ ಅಸ್ಪೃಶ್ಯ ಜೀತದಾಳು ಚೋಮನ ಕತೆ. ಆಶಯ ಯಾವುದು ಎಂದರೆ ವಿದ್ಯಾರ್ಥಿಗಳು ‘ಅಸ್ಪೃಶ್ಯತೆ’ ಎಂದು ಬರೆದು, ಆಮೇಲೆ ಎರಡು ಪುಟ ಕಥಾಸಾರ ಬರೆಯುತ್ತಾರೆ. ಒಂದು ವಾದ ಕಟ್ಟಿ ಅದಕ್ಕೆ ಆಧಾರ ಕೊಡುವುದನ್ನು ನಾಲ್ಕು ತರಗತಿಗಳಲ್ಲಿ ಕಲಿಸಬಹುದೇ?

ಕಪ್ಪುಹಲಗೆ:
ಕಲಿಸಬಹುದು. ‘ಅಸ್ಪೃಶ್ಯತೆ’ ಎಂಬುದು ವಿಷಯ ಅಷ್ಟೇ. ಅದರ ಬಗ್ಗೆ ಕಾದಂಬರಿ ಏನು ಹೇಳುತ್ತದೆ ಎಂಬ ಪೂರ್ಣ ವಾಕ್ಯ ಬೇಕು. ಮೊದಲ ತರಗತಿಯಲ್ಲಿ ಮೂರೇ ಪ್ರಶ್ನೆ ಕೇಳಿ: ಚೋಮನಿಗೆ ಏನು ಬೇಕು? ಅಡ್ಡ ಬರುವುದು ಯಾವುದು? ಕೊನೆಗೆ ಅವನ ಬಳಿ ಉಳಿಯುವುದೇನು? ಉತ್ತರಗಳನ್ನು ಹೆಣೆದರೆ ಇಂಥದ್ದೊಂದು ವಾಕ್ಯ ಸಿಗುತ್ತದೆ: ‘ನೆಲದ ಹಕ್ಕೇ ಇಲ್ಲದವನಿಗೆ ಎಷ್ಟು ದುಡಿದರೂ ಸಾಲವೂ ತೀರುವುದಿಲ್ಲ, ಮನೆಯೂ ಉಳಿಯುವುದಿಲ್ಲ.’ ಪಾತ್ರಗಳ ಹೆಸರಿಲ್ಲದೆಯೂ ವಾಕ್ಯ ನಿಲ್ಲಬೇಕು. ‘ಅಸ್ಪೃಶ್ಯತೆ ತಪ್ಪು’ ಎಂದು ಬರೆದರೆ ಹಿಂದಿರುಗಿಸಿ. ಅದು ನೀತಿ, ಅದನ್ನು ಹೇಳಲು ಈ ಕಾದಂಬರಿ ಓದಬೇಕಾಗಿಯೇ ಇಲ್ಲ.

ಪುಟದಂಚು:
ಆಧಾರ ಹುಡುಕಲು ಇಡೀ ಪುಸ್ತಕ ಜಾಲಾಡಿಸಬೇಡಿ, ಕತೆಯಲ್ಲಿ ಮತ್ತೆ ಮತ್ತೆ ಬರುವ ಒಂದೊಂದು ಸಂಗತಿಯ ಹಿಂದೆ ಬಿಡಿ. ಒಂದು ಗುಂಪಿಗೆ ದುಡಿ (ಚೋಮ ಬಾರಿಸುವ ಚರ್ಮವಾದ್ಯ), ಇನ್ನೊಂದಕ್ಕೆ ಜೋಡಿ ಎತ್ತು, ಮತ್ತೊಂದಕ್ಕೆ ಸಾಲ. ದುಡಿಯಂತೂ ತುಂಬ ಫಲ ಕೊಡುತ್ತದೆ: ಚೋಮನ ಸಂತೋಷವೂ ಸಿಟ್ಟೂ ದುಃಖವೂ ಅದರಲ್ಲೇ ಹೊರಬರುವುದರಿಂದ, ಯಾವ ಘಟನೆಯ ಬೆನ್ನಿಗೆ ಬಾರಿಸಿದ ಎಂದು ಗುರುತಿಸಿದರೇ ಅರ್ಧ ಕೆಲಸ ಆಯಿತು.

ನೋಟ್‌ಬುಕ್ಕಿನಲ್ಲಿ ಮೂರು ಅಂಕಣ: ಅಧ್ಯಾಯ ಮತ್ತು ಪುಟ, ಒಂದು ಸಾಲಿನಲ್ಲಿ ನಡೆದದ್ದು, ಅದು ವಾಕ್ಯಕ್ಕೆ ಹೇಗೆ ಆಧಾರ. ಮುದ್ರಣದಿಂದ ಮುದ್ರಣಕ್ಕೆ ಪುಟ ಬದಲಾಗುತ್ತದೆ, ಹಾಗಾಗಿ ಅಧ್ಯಾಯ ಕಡ್ಡಾಯ. ಎಡವುವುದು ಮೂರನೆಯ ಅಂಕಣದಲ್ಲೇ. ಎರಡನೆಯದನ್ನೇ ಬೇರೆ ಮಾತಿನಲ್ಲಿ ಬರೆದಿರುತ್ತಾರೆ. ಎರಡನೆಯದನ್ನು ಕೈಯಿಂದ ಮುಚ್ಚಿ ಮೂರನೆಯದನ್ನು ಓದಿಸಿ; ಆಗಲೂ ಕತೆಯೇ ಕೇಳಿಸಿದರೆ ‘ಇದರಿಂದ ತಿಳಿಯುವುದೇನೆಂದರೆ’ ಎಂದು ಶುರುಮಾಡಿ ತಿದ್ದಿಸಿ. ಆಧಾರಗಳು ಆರಂಭ, ನಡು, ಕೊನೆ ಮೂರೂ ಕಡೆಯಿಂದ ಬರಲಿ. ಕೊನೆಯಿಂದಷ್ಟೇ ಆಯ್ದರೆ ಚೋಮನ ಸಾವನ್ನೇ ಆಶಯ ಎಂದುಕೊಳ್ಳುತ್ತಾರೆ.

ಎದುರುವಾದ:
ಮೇಲಿನದಕ್ಕೆ ಒಂದು ತರಗತಿ ಸೇರಿಸಿ: ವಾಕ್ಯಕ್ಕೆ ಒಗ್ಗದ ಸನ್ನಿವೇಶ ಹುಡುಕಿಸುವುದು. ನನ್ನ ಪ್ರಕಾರ ನಿಜವಾದ ಓದು ಅಲ್ಲಿಂದಲೇ ಶುರು. ‘ಒಡೆಯರು ಕ್ರೂರಿಗಳು’ ಎಂದು ಬರೆದವರ ಮುಂದೆ ಚೋಮನ ಒಡೆಯ ಸಂಕಪ್ಪಯ್ಯನನ್ನು ನಿಲ್ಲಿಸಿ. ಉಳಲು ನೆಲ ಬೇಕೆಂಬ ಚೋಮನ ಬೇಡಿಕೆಗೆ ಈ ಒಡೆಯನ ಮನಸ್ಸು ಅಷ್ಟಿಷ್ಟು ಕರಗಿದರೂ ತಾಯಿ ಒಪ್ಪುವುದಿಲ್ಲ. ಅಂದರೆ ತಡೆ ಇರುವುದು ಒಬ್ಬನ ಸ್ವಭಾವದಲ್ಲಲ್ಲ, ಕಟ್ಟಳೆಯಲ್ಲಿ. ‘ಎಲ್ಲಕ್ಕೂ ಜಾತಿಯೊಂದೇ ಕಾರಣ’ ಎಂದವರಿಗೆ ಕಾಫಿ ತೋಟದ ಭಾಗ ಕೊಡಿ. ಅಲ್ಲಿ ಹಿಂಡುವುದು ಸಾಲ, ಜ್ವರ, ಚೋಮನ ಮಗಳು ಬೆಳ್ಳಿಯ ಮೇಲಿನ ಶೋಷಣೆ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಅಸ್ಪೃಶ್ಯನೆಂದು ಯಾರೂ ಎತ್ತದ ಪ್ರಸಂಗ ಮಾತ್ರ ಮತ್ತೆ ಜಾತಿಗೇ ತರುತ್ತದೆ. ಈ ಎರಡನ್ನೂ ಹಿಡಿಯುವಂತೆ ವಾಕ್ಯ ತಿದ್ದುವುದೇ ಅಭ್ಯಾಸ.

ಇನ್ನೊಂದು ಎಚ್ಚರ: 1975ರ ಸಿನಿಮಾ ನೋಡಿದವರು ಅದರ ದೃಶ್ಯಗಳನ್ನು ಕಾದಂಬರಿಯದೆಂದು ಬರೆಯುತ್ತಾರೆ. ಅಧ್ಯಾಯದ ಸಂಖ್ಯೆ ಇಲ್ಲದ ಆಧಾರಕ್ಕೆ ಅಂಕ ಕೊಡಬೇಡಿ.

ಪದವಿ_ಕನ್ನಡ:
ಹಾಗಾದರೆ ಮೊದಲ ದಿನ ವಾಕ್ಯ, ಎರಡನೆಯ ದಿನ ಅಂಕಣ, ಮೂರನೆಯ ದಿನ ಒಗ್ಗದ ಸನ್ನಿವೇಶ, ನಾಲ್ಕಕ್ಕೆ ಬರವಣಿಗೆ. ಉತ್ತರ ಎಷ್ಟು ಉದ್ದವಿರಲಿ?

ಪುಟದಂಚು:
ಒಂದೂವರೆ ಪುಟ, ಮೂರು ಆಧಾರ. ಪ್ರತಿ ಆಧಾರಕ್ಕೆ ಘಟನೆ ಒಂದು ಸಾಲು, ವಿವರಣೆ ಕನಿಷ್ಠ ಮೂರು ಸಾಲು.