ಕುಮಾರಪರ್ವತ ಹತ್ತಿದವರಿಗೆ ಸ್ಲೋಗೆನ್ ಸುಲಭವೇ?

ಪ್ರಶ್ನೆ: ಸರ್, ನಾವು ನಾಲ್ವರು ಬೆಂಗಳೂರಿನವರು. ಕುಕ್ಕೆಯ ಕಡೆಯಿಂದ ಕುಮಾರಪರ್ವತವನ್ನು ಮೂರು ಸಲ ಹತ್ತಿದ್ದೇವೆ. ಒಮ್ಮೆ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇವೆ. ಜೂನ್ ಎರಡನೆಯ ವಾರ ಐದು ದಿನಗಳಿಗೆಂದು ನಾರ್ವೆಯ ಪಶ್ಚಿಮ ಕರಾವಳಿಗೆ ಬರುತ್ತಿದ್ದೇವೆ. ರೋಮ್ಸ್‌ಡಾಲ್ಸೆಗ್ಗೆನ್ ಏಣು (ಬೆಟ್ಟದ ಕಿರಿದಾದ ಬೆನ್ನು), ರೋಮ್ಸ್‌ಡಾಲ್ಸ್‌ಹಾರ್ನ್ (1550 ಮೀಟರ್), ಸ್ಲೋಗೆನ್ (1564 ಮೀಟರ್), ಈ ಮೂರೂ ನಮ್ಮ ಪಟ್ಟಿಯಲ್ಲಿವೆ. ಎಲ್ಲವೂ ಕುಮಾರಪರ್ವತದ 1712 ಮೀಟರಿಗಿಂತ ಕಡಿಮೆ. ಮಾರ್ಗದರ್ಶಕರು ಬೇಕೇ? ಅನುಮತಿ ಎಲ್ಲಿ ಪಡೆಯಬೇಕು?

ಉತ್ತರ: ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಅನುಮತಿ ಬೇಡ, ಶುಲ್ಕವೂ ಇಲ್ಲ. ಬೇಸಾಯವಿಲ್ಲದ ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದೆಂಬ ಹಕ್ಕು ನಾರ್ವೆಯಲ್ಲಿ 1957ರಿಂದ ಕಾನೂನಿನಲ್ಲೇ ಇದೆ. ಡೇರೆ ಹಾಕುವುದಾದರೆ ಹತ್ತಿರದ ಮನೆಯಿಂದ 150 ಮೀಟರ್ ದೂರವಿರಬೇಕು, ಅಷ್ಟೆ. ಅರಣ್ಯ ಇಲಾಖೆಯ ಚೀಟಿಗಾಗಿ ಕಾದು ಬಂದವರಿಗೆ ಇದು ಸ್ವರ್ಗದಂತೆ ಕಾಣುತ್ತದೆ. ಆದರೆ ಗೇಟು ಇಲ್ಲ ಎಂದರೆ ನಿಮ್ಮನ್ನು ತಡೆದು ವಾಪಸು ಕಳಿಸುವವರೂ ಇಲ್ಲ ಎಂದೇ ಅರ್ಥ.

ಇನ್ನು ಎತ್ತರ. ಕಾಲಿನ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ. ಅಲ್ಲಿಂದ ಕುಮಾರಪರ್ವತದ ತುದಿಗೆ ಸುಮಾರು 1600 ಮೀಟರ್ ಏರಿದ್ದೀರಿ. ಸ್ಲೋಗೆನ್ ನಿಂತಿರುವುದು ಯೋರುಂಡ್‌ಫ್ಯೋರ್ಡಿನ ಉಪ್ಪುನೀರಿನ ಪಕ್ಕದಲ್ಲೇ. ಓಯೆ ಎಂಬ ಹಳ್ಳಿಯಲ್ಲಿ ಸಮುದ್ರದ ನೀರಿಗೆ ಕೈ ಅದ್ದಿ ಹೊರಟರೆ ಅಷ್ಟೂ 1564 ಮೀಟರ್ ನಿಮ್ಮದೇ. ಶ್ರಮ ಹೆಚ್ಚುಕಡಿಮೆ ಒಂದೇ. ಹಾಗಾಗಿ ನಿಮ್ಮ ಮೊಣಕಾಲುಗಳ ಬಗ್ಗೆ ನನಗೆ ಚಿಂತೆಯಿಲ್ಲ.

ಚಿಂತೆ ಇರುವುದು ಕೈಗಳ ಬಗ್ಗೆ. ಹಿಮನದಿಗಳು ಕಣಿವೆಯನ್ನು ಸಮುದ್ರಮಟ್ಟಕ್ಕಿಂತ ಆಳಕ್ಕೆ ಕೊರೆದುಹೋದ ಮೇಲೆ ಕಡಲು ಒಳನುಗ್ಗಿದ ಜಾಗವೇ ಫ್ಯೋರ್ಡ್. ಹಾಗೆ ಕೊರೆಯುವಾಗ ಬೆಟ್ಟಗಳ ಪಕ್ಕೆಗಳೂ ಕೆತ್ತಿಹೋದವು. ಆದ್ದರಿಂದ ಕುಮಾರಪರ್ವತದ ದಾರಿಯಲ್ಲಿ ಸಿಗುವ ಶೇಷಪರ್ವತದ ಹಾಗೆ ದುಂಡನೆಯ ಹುಲ್ಲುಬೆನ್ನು ಇಲ್ಲಿ ಅಪರೂಪ. ಕತ್ತಿಯಂಥ ಏಣು, ಅದರ ಎರಡೂ ಬದಿ ಗಾಳಿ. ಸ್ಲೋಗೆನ್‌ನ ಮಾಮೂಲು ದಾರಿಗೆ ಒಣ ಬೇಸಿಗೆಯಲ್ಲಿ ಹಗ್ಗ ಬೇಕಿಲ್ಲ. ಆದರೆ ಕೊನೆಯ ಭಾಗದಲ್ಲಿ ಬಂಡೆ ಹಿಡಿದು, ಕೆಳಗೆ ಫ್ಯೋರ್ಡ್ ನೋಡುತ್ತಾ ಹತ್ತಬೇಕು. ಇಳಿಯುವಾಗಲೂ ಅದೇ ಬಂಡೆಗಳು, ಅದೇ ನೋಟ. ಹೆದರಿಕೆ ಹುಟ್ಟುವುದು ಸಾಮಾನ್ಯವಾಗಿ ಆಗಲೇ.

ರೋಮ್ಸ್‌ಡಾಲ್ಸ್‌ಹಾರ್ನ್ ಅನ್ನು ಈ ಪಟ್ಟಿಯಿಂದ ತೆಗೆದುಬಿಡಿ, ಇಲ್ಲವೇ ಮಾರ್ಗದರ್ಶಕರೊಡನೆ ಹೋಗಿ. ಅದು ಚಾರಣವಲ್ಲ, ಶಿಲಾರೋಹಣ. ಅತಿ ಸುಲಭದ ದಾರಿಯಲ್ಲೂ ಹಗ್ಗ ಕಟ್ಟಿಕೊಂಡು ಹತ್ತಿ, ಹಗ್ಗದ ಮೇಲೆ ಜಾರಿ ಇಳಿಯುತ್ತಾರೆ. 1828ರಲ್ಲೇ ಆ ಕಣಿವೆಯ ಇಬ್ಬರು ತುದಿ ಮುಟ್ಟಿ ಕಲ್ಲು ಗುಪ್ಪೆ ಹಾಕಿ ಬಂದಿದ್ದರು ಎನ್ನುವುದನ್ನು ನಮ್ಮ ಧೈರ್ಯಕ್ಕೆ ಆಧಾರ ಮಾಡಿಕೊಳ್ಳಬಾರದು. ಅವರು ಆ ಬಂಡೆಗಳ ಬುಡದಲ್ಲೇ ಹುಟ್ಟಿ ಬೆಳೆದವರು.

ರೋಮ್ಸ್‌ಡಾಲ್ಸೆಗ್ಗೆನ್ ನಿಮಗೆ ಹೇಳಿ ಮಾಡಿಸಿದ್ದು. ಸುಮಾರು 10 ಕಿಲೋಮೀಟರ್, ಇಡೀ ದಿನದ ನಡಿಗೆ. ವೆಂಗೆಡಾಲೆನ್ ಕಣಿವೆಯಿಂದ ಹೊರಟು ಓಂಡಾಲ್ಸ್‌ನೆಸ್ ಪಟ್ಟಣಕ್ಕೆ ಇಳಿಯಿರಿ, ತಿರುಗುಮುರುಗು ಮಾಡಬೇಡಿ. ಕಡಿದಾದ ಕಡೆ ಹಿಡಿದುಕೊಳ್ಳಲು ಸರಪಳಿ ಇದೆ. ಎದುರಿಗೆ ಟ್ರೋಲ್‌ವೆಗ್ಗೆನ್, ಸುಮಾರು ಸಾವಿರ ಮೀಟರಿನ ನೆಟ್ಟನೆಯ ಗೋಡೆ. ಅದನ್ನು ಮೊದಲು ಹತ್ತಿದ್ದು 1965ರಲ್ಲಿ, ನಾರ್ವೆಯ ಒಂದು ತಂಡ ಮತ್ತು ಬ್ರಿಟನ್ನಿನ ಒಂದು ತಂಡ, ಬೇರೆ ಬೇರೆ ದಾರಿಗಳಲ್ಲಿ. 1998ರಲ್ಲಿ ಬಂಡೆ ಕುಸಿದು ಅಲ್ಲಿನ ಹಳೆಯ ದಾರಿಗಳು ಹಾಳಾದವು. ಈ ಬೆಟ್ಟಗಳು ಇನ್ನೂ ಉದುರುತ್ತಲೇ ಇವೆ. ಅದೇ ಕಣಿವೆಯ ವೆಸ್ಲೆಮನ್ನೆನ್ ಎಂಬ ತುಂಡು ಬೀಳುತ್ತದೆಂದು ಕೆಳಗಿನ ಮನೆಯವರನ್ನು ಐದು ವರ್ಷಗಳಲ್ಲಿ 16 ಸಲ ಖಾಲಿ ಮಾಡಿಸಿದ್ದರು. ಕೊನೆಗೂ ಬಿದ್ದದ್ದು 2019ರ ಸೆಪ್ಟೆಂಬರ್ 5ರಂದು.

ಆದರೆ ಜೂನ್ ಎರಡನೆಯ ವಾರ ಬೇಗವಾಯಿತು. ಉತ್ತರಕ್ಕೆ ಮುಖ ಮಾಡಿದ ಕೊರಕಲುಗಳಲ್ಲಿ ಜುಲೈವರೆಗೂ ಹಿಮ ಉಳಿದಿರುತ್ತದೆ. ಬೆಳಿಗ್ಗೆ ಅದು ಗಟ್ಟಿ. ಕಾಲು ಜಾರಿದರೆ ಹಿಮಗೊಡಲಿ ಇಲ್ಲದವನಿಗೆ ನಿಲ್ಲಲು ಏನೂ ಸಿಗುವುದಿಲ್ಲ. ಜುಲೈ ಕೊನೆಗೋ ಆಗಸ್ಟ್‌ಗೋ ಮುಂದೂಡಲು ಸಾಧ್ಯವೇ?

ಪ್ರಶ್ನೆ ಕೇಳಿದವರು: ವಿಮಾನದ ಟಿಕೆಟ್ ಆಗಿಹೋಗಿದೆ ಸರ್. ಬದಲಿಸಿದರೆ ಅರ್ಧ ಹಣ ಹೋಗುತ್ತದೆ.

ಉತ್ತರ: ಹಾಗಿದ್ದರೆ ಬೆಟ್ಟಗಳನ್ನೇ ಬದಲಿಸೋಣ. ಓಂಡಾಲ್ಸ್‌ನೆಸ್ ಪಟ್ಟಣದಿಂದಲೇ ನೆಸಾಕ್ಸ್ಲಾ ಹತ್ತಿ, 708 ಮೀಟರ್. ದಾರಿಯಲ್ಲಿ ರಾಂಪೆಸ್ಟ್ರೇಕೆನ್ ಎಂಬ ಕಬ್ಬಿಣದ ಚಾಚು ಸಿಗುತ್ತದೆ. ಅದರ ತುದಿಯಲ್ಲಿ ನಿಂತರೆ ರೌಮಾ ನದಿ ಫ್ಯೋರ್ಡ್ ಸೇರುವುದು ಕಾಲಡಿಯಲ್ಲೇ ಕಾಣುತ್ತದೆ. ಇಳಿಯಲು ಮನಸ್ಸಿಲ್ಲದಿದ್ದರೆ 2021ರಿಂದ ಕೇಬಲ್ ಕಾರ್ ಇದೆ, ಹತ್ತಿದರೆ ನಾಚಿಕೆಪಡಬೇಕಿಲ್ಲ. ಸ್ಲೋಗೆನ್ ಕಡೆಗೆ ಹೋಗಲೇಬೇಕೆಂದಿದ್ದರೆ ತುದಿಯ ಆಸೆ ಬಿಟ್ಟು, ಅದರ ಬೆನ್ನಿಗಿರುವ ಪ್ಯಾಚೆಲ್ ಎಂಬ ಚಾರಣಿಗರ ಗುಡಿಸಲಿನವರೆಗೆ ಹೋಗಿ ಬನ್ನಿ. ಅಲ್ಲಿಗೂ ಹಿಮ ಎಷ್ಟಿದೆ ಎಂದು ಹಿಂದಿನ ದಿನ ಹಳ್ಳಿಯಲ್ಲಿ ವಿಚಾರಿಸಿ.

ಕತ್ತಲಾಗುತ್ತದೆಂಬ ಭಯ ಬೇಡ. ಜೂನ್‌ನಲ್ಲಿ ಇಲ್ಲಿ ರಾತ್ರಿ ಹನ್ನೊಂದರ ನಂತರವೇ ಸೂರ್ಯ ಮುಳುಗುವುದು. ಅದೇ ಒಂದು ಬಲೆಯೂ ಹೌದು. ಬೆಳಕಿದೆಯಲ್ಲ ಎಂದು ಸುಸ್ತಾದವರು ನಡೆಯುತ್ತಲೇ ಇರುತ್ತಾರೆ.

ಇನ್ನೊಬ್ಬ ಸದಸ್ಯರು: ಆಗುಂಬೆಯ ಮಳೆಯಲ್ಲೇ ನಡೆದವರು ನಾವು. ಅಲ್ಲಿನ ಮಳೆಗೆ ಹೆದರಬೇಕೇ?

ಉತ್ತರ: ಪ್ರಮಾಣದಲ್ಲಿ ಆಗುಂಬೆಗೆ ನಾರ್ವೆ ಸಾಟಿಯಲ್ಲ. ಆದರೆ ಆಗುಂಬೆಯಲ್ಲಿ ನೆನೆದರೆ ಕಷಾಯ ಕುಡಿದು ಮುಗಿಯುತ್ತದೆ, ಇಲ್ಲಿ ಐದು ಡಿಗ್ರಿಯಲ್ಲಿ ಗಾಳಿಯೊಂದಿಗೆ ನೆನೆಯುತ್ತೀರಿ. ಹತ್ತಿಯ ಅಂಗಿ, ಜೀನ್ಸ್ ಮನೆಯಲ್ಲೇ ಇರಲಿ, ಮೈಗೆ ಉಣ್ಣೆಯ ಬಟ್ಟೆ ತನ್ನಿ. ಇಂಬಳ ಇಲ್ಲ, ಆದರೆ ಕರಾವಳಿಯ ಹುಲ್ಲಿನಲ್ಲಿ ಉಣುಗು ಇದೆ. ಸಂಜೆ ಮೈ ನೋಡಿಕೊಳ್ಳಿ.

ಹೋದ ಆಗಸ್ಟ್‌ನಲ್ಲಿ ಇಬ್ಬರನ್ನು ಸ್ಲೋಗೆನ್‌ಗೆ ಕರೆದೊಯ್ದಿದ್ದೆ. ತುದಿ ಇನ್ನೇನು ಇನ್ನೂರು ಮೀಟರ್ ಇದ್ದಾಗ ಫ್ಯೋರ್ಡಿನಿಂದ ಮಂಜು ಎದ್ದಿತು, ಕಲ್ಲುಗಳು ಸೋಪಿನಂತಾದವು. ತಿರುಗಿದೆವು. ಒಬ್ಬರು ದೋಣಿ ಹತ್ತುವವರೆಗೂ ನನ್ನೊಡನೆ ಮಾತಾಡಲಿಲ್ಲ. ನಾರ್ವೆಯವರ ಬೆಟ್ಟದ ಒಂಬತ್ತು ನಿಯಮಗಳಲ್ಲಿ ಎಂಟನೆಯದು ಸಮಯಕ್ಕೆ ಸರಿಯಾಗಿ ತಿರುಗುವುದರ ಬಗ್ಗೆಯೇ ಇದೆ. ತಿರುಗುವುದರಲ್ಲಿ ಅವಮಾನವಿಲ್ಲ ಎಂದು ಅದರಲ್ಲೇ ಬರೆದಿದೆ. ಅದನ್ನು ಅವರಿಗೆ ತೋರಿಸಿದೆ, ಪ್ರಯೋಜನವಾಗಲಿಲ್ಲ.

ಪ್ರಶ್ನೆ ಕೇಳಿದವರು: ಹಾಗಾದರೆ ನೆಸಾಕ್ಸ್ಲಾ ಮತ್ತು ಗುಡಿಸಲು, ಇಷ್ಟೇ ಇಟ್ಟುಕೊಳ್ಳುತ್ತೇವೆ. ಕೊನೆಯದೊಂದು ಪ್ರಶ್ನೆ: ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಕುಮಾರಪರ್ವತದ ದಾರಿಯ ಗಿರಿಗದ್ದೆಯಲ್ಲಿ ಸಿಗುವಂತೆ ಅಲ್ಲಿನ ದಾರಿಯಲ್ಲೂ ಅನ್ನ ಸಾರು ಸಿಗುತ್ತದೆಯೇ?

ಉತ್ತರ: ಇಲ್ಲ. ಗಿರಿಗದ್ದೆಯ ಸಾರಿಗೆ ಸಮನಾದದ್ದು ಈ ದೇಶದಲ್ಲೇ ಇಲ್ಲ. ಅವಲಕ್ಕಿ, ಚಟ್ನಿಪುಡಿ ತನ್ನಿ. ಇಲ್ಲಿ ಕಂದುಬಣ್ಣದ ಸಿಹಿ ಚೀಸ್ ಸಿಗುತ್ತದೆ, ಬ್ರೆಡ್ಡಿನ ಮೇಲೆ ತೆಳ್ಳಗೆ ಹೆರೆದು ತಿನ್ನಿ. ಮೊದಲ ತುತ್ತಿಗೆ ಹಾಲುಖೋವ ಸೀದುಹೋದಂತೆ ಅನಿಸುತ್ತದೆ, ಮೂರನೆಯ ದಿನ ನೀವೇ ಹುಡುಕಿಕೊಂಡು ಹೋಗುತ್ತೀರಿ.