ನವೆಂಬರ್ 17ರ ಹೊತ್ತಿಗೆ ಪ್ರಾಗ್‌ನಲ್ಲಿರುತ್ತೇನೆ: ರಾಜಕೀಯ ಎಲ್ಲಿ ಕಾಣುತ್ತದೆ, ಬಿಯರ್ ಎಲ್ಲಿ ಕುಡಿಯಲಿ?

ಪೇಪರ್‌ಹುಳ:
ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ನವೆಂಬರ್ ನಡುವಿನಲ್ಲಿ ಪ್ರಾಗ್‌ಗೆ ಹೋಗುತ್ತಿದ್ದೇನೆ. ಕೋಟೆ, ಚಾರ್ಲ್ಸ್ ಸೇತುವೆ, ಹಳೇ ಗಡಿಯಾರದ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಆ ಊರಿನ ರಾಜಕೀಯ ಬೀದಿಯಲ್ಲೇ ಕಣ್ಣಿಗೆ ಬೀಳುವ ಜಾಗಗಳು ಯಾವುವು? ಅಲ್ಲಿಯವರೇ ಕುಡಿಯುವ ಬಿಯರ್ ಯಾವುದು? ಮೆನುವಿನಲ್ಲಿ 10, 11, 12 ಡಿಗ್ರಿ ಅಂತ ಇರುತ್ತದಂತೆ. ಅಷ್ಟು ಶೇಕಡಾ ಆಲ್ಕೋಹಾಲ್ ಅಂದರೆ ನನ್ನ ಕೈಲಿ ಆಗದು. ಪಬ್‌ನಲ್ಲಿ ಪಕ್ಕದವರ ಹತ್ತಿರ ರಾಜಕೀಯ ಮಾತಾಡಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ವ್ಲ್ತಾವಾ ದಂಡೆ:
ಕೆಲವು ವರ್ಷ ಅಲ್ಲಿದ್ದವನು ನಾನು. ನೀವು ಒಳ್ಳೇ ಹೊತ್ತಿನಲ್ಲೇ ಹೋಗುತ್ತಿದ್ದೀರಿ. 17ರ ಸಂಜೆ ಬೇರೆಲ್ಲ ಬಿಟ್ಟು ನಾರೊದ್ನಿ ಬೀದಿಗೆ ಹೋಗಿ. ಅಲ್ಲೊಂದು ಕಮಾನಿನ ದಾರಿಯಲ್ಲಿ, ಗೋಡೆಯಿಂದ ಮೇಲಕ್ಕೆ ಚಾಚಿದ ಕಂಚಿನ ಕೈಗಳಿವೆ. 1989ರಲ್ಲಿ ಪೊಲೀಸರು ವಿದ್ಯಾರ್ಥಿಗಳ ಮೆರವಣಿಗೆಯನ್ನು ತಡೆದು ಹೊಡೆದದ್ದು ಆ ಬೀದಿಯಲ್ಲೇ. ಕಮ್ಯುನಿಸ್ಟ್ ಆಡಳಿತ ಉರುಳಲು ಶುರುವಾದದ್ದು ಅಲ್ಲಿಂದಲೇ. ಅವತ್ತು ಹುಡುಗರು ಹೊರಟಿದ್ದು 1939ರ ನೆನಪಿಗೆ. ಅದೇ ನವೆಂಬರ್ 17ರಂದು ನಾಜಿಗಳು ಒಂಬತ್ತು ಜನರನ್ನು, ಹೆಚ್ಚಿನವರು ವಿದ್ಯಾರ್ಥಿ ಮುಖಂಡರು, ಕೊಂದು ಜೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿದ್ದರು. ಈಗ ಆ ದಿನ ಸಾರ್ವಜನಿಕ ರಜೆ. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಮೇಣದಬತ್ತಿ ಹಚ್ಚುತ್ತಾರೆ. ಎಷ್ಟು ಸಲ ನೋಡಿದರೂ ಅಲ್ಲಿ ನನಗೆ ಗಂಟಲು ಕಟ್ಟುತ್ತದೆ.

ಅಲ್ಲಿಂದ ವೆನ್ಸೆಸ್ಲಾಸ್ ಚೌಕಕ್ಕೆ ನಡೆದೇ ಹೋಗಬಹುದು. ಮೇಲ್ತುದಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅದರ ಮುಂದಿನ ನೆಲದಲ್ಲಿ ಉಬ್ಬಿ ನಿಂತ ಶಿಲುಬೆಯನ್ನು ಹುಡುಕಿ. 1968ರ ಸೋವಿಯತ್ ಆಕ್ರಮಣವನ್ನು ಜನ ಒಪ್ಪಿಕೊಂಡು ಕೂರಬಾರದೆಂದು 1969ರ ಜನವರಿ 16ರಂದು ಮೈಗೆ ಬೆಂಕಿ ಹಚ್ಚಿಕೊಂಡ ವಿದ್ಯಾರ್ಥಿ ಯಾನ್ ಪಾಲಾಖ್ ಮತ್ತು ಮುಂದಿನ ತಿಂಗಳು ಅದೇ ಹಾದಿ ಹಿಡಿದ ಯಾನ್ ಜಾಯಿತ್ಸ್, ಇಬ್ಬರ ನೆನಪಿಗೂ ಅದು. ತುಂಬಾ ಜನ ಗೊತ್ತಿಲ್ಲದೆ ಅದನ್ನು ತುಳಿದುಕೊಂಡೇ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ.

ಮೂರನೆಯದು ಲೆಟ್ನಾ ಗುಡ್ಡ. 1955ರಲ್ಲಿ ಅಲ್ಲಿ ಸ್ಟಾಲಿನ್‌ನ ದೈತ್ಯ ಶಿಲ್ಪ ನಿಲ್ಲಿಸಿದರು, 1962ರಲ್ಲಿ ಸರ್ಕಾರವೇ ಅದನ್ನು ಸಿಡಿಸಿ ಕೆಡವಿತು. ಈಗ ಅದೇ ಪೀಠದ ಮೇಲೆ ದೊಡ್ಡ ಮೆಟ್ರೊನೋಮ್ (ಸಂಗೀತಗಾರರು ಲಯಕ್ಕೆ ಬಳಸುವ, ಅತ್ತಿತ್ತ ತೂಗುವ ಕಡ್ಡಿಯ ಸಾಧನ) ಇದೆ. 1989ರಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದು ಹತ್ತಿರದ ಬಯಲಿನಲ್ಲಿ. 2019ರಲ್ಲಿ ಪ್ರಧಾನಿ ಬಾಬಿಶ್ ವಿರುದ್ಧ ಮತ್ತೆ ಸೇರಿದ್ದೂ ಅಲ್ಲೇ.

ಇನ್ನು ಬಿಯರ್. ಆ ಡಿಗ್ರಿ ಆಲ್ಕೋಹಾಲ್ ಲೆಕ್ಕವಲ್ಲ, ಹೆದರಬೇಡಿ. ಹುದುಗು ಹಾಕುವ ಮುಂಚೆ ಮಾಲ್ಟ್ ರಸದಲ್ಲಿ ಎಷ್ಟು ಸಕ್ಕರೆ ಅಂಶ ಇತ್ತು ಅನ್ನುವುದರ ಅಳತೆ. 10 ಡಿಗ್ರಿಯದರಲ್ಲಿ ಸುಮಾರು ಶೇ. 4, 12ರಲ್ಲಿ ಸುಮಾರು ಶೇ. 5 ಆಲ್ಕೋಹಾಲ್. ಮಾತಾಡುತ್ತಾ ಬಹಳ ಹೊತ್ತು ಕೂರುವವರು 10 ತರಿಸಿಕೊಳ್ಳುತ್ತಾರೆ. ‘ಟ್ಯಾಂಕ್’ ಬಿಯರ್ ಎಂಬ ಬೋರ್ಡ್ ಕಂಡರೆ ಒಳಗೆ ಹೋಗಿ. ಪಾಶ್ಚರೀಕರಿಸದ ಬಿಯರ್ ಅದು, ರುಚಿ ಬೇರೆಯೇ. ಮೇಲೆ ದಪ್ಪ ನೊರೆ ಇರುತ್ತದೆ. ಅಳತೆ ಕಡಿಮೆಯಾಯಿತೆಂದು ಅಂದುಕೊಳ್ಳಬೇಡಿ, ಕೆಳಗಿನ ಬಿಯರ್‌ಗೆ ಗಾಳಿ ತಾಗದಂತೆ ಕಾಯುವುದು ಅದೇ ನೊರೆ.

ಅಲ್ಲಿ ಬಿಯರ್ ಕೂಡ ರಾಜಕೀಯದಿಂದ ಹೊರಗಿಲ್ಲ. ಕಮ್ಯುನಿಸ್ಟ್ ಕಾಲದಲ್ಲಿ ಬ್ರೂವರಿಗಳೆಲ್ಲ ಸರ್ಕಾರದ್ದು. 1842ರಿಂದ ಇರುವ ಪಿಲ್ಸ್‌ನರ್ ಉರ್ಕ್ವೆಲ್ ಆಮೇಲೆ ಖಾಸಗಿಯವರ ಪಾಲಾಗಿ, 2017ರಿಂದ ಜಪಾನಿನ ಅಸಾಹಿ ಕೈಯಲ್ಲಿದೆ. ಬುದ್ವಾರ್ ಎಂಬ ಇನ್ನೊಂದು ಬ್ರೂವರಿ ಮಾತ್ರ ಇವತ್ತಿಗೂ ಜೆಕ್ ಸರ್ಕಾರದ್ದೇ. ಎರಡನ್ನೂ ಒಂದೇ ಸಂಜೆ ಕುಡಿದು ನೋಡಿ. ನನಗೆ ಬುದ್ವಾರ್ ಹೆಚ್ಚು ಇಷ್ಟ, ಕಹಿ ಅಷ್ಟು ಚುಚ್ಚುವುದಿಲ್ಲ.

ಕಮ್ಯುನಿಸ್ಟರನ್ನು ವಿರೋಧಿಸಿದ ನಾಟಕಕಾರ, 1989ರ ನಂತರ ದೇಶದ ಅಧ್ಯಕ್ಷರಾದ ಹಾವೆಲ್ ಕೂಡ ಆ ಹುದ್ದೆಗೆ ಬರುವ ಎಷ್ಟೋ ಮುಂಚೆ, 1974ರಲ್ಲಿ, ಟ್ರುಟ್ನೊವ್ ಎಂಬ ಊರಿನ ಬ್ರೂವರಿಯಲ್ಲಿ ಕೂಲಿ ಕೆಲಸ ಮಾಡಿದವರು. 1994ರಲ್ಲಿ ಕ್ಲಿಂಟನ್ ಬಂದಾಗ ಅವರನ್ನು ಹುಸೊವಾ ಬೀದಿಯ ಉ ಜ್ಲಾತೆಹೊ ತಿಗ್ರಾ ಪಬ್‌ಗೆ ಕರೆದುಕೊಂಡು ಹೋಗಿದ್ದರು. ಲೇಖಕ ಹ್ರಬಲ್ ದಿನಾ ಕೂರುತ್ತಿದ್ದ ಜಾಗ ಅದು. ತಪ್ಪದೆ ಹೋಗಿ.

ಸಂಜೆಗತ್ತಲು:
ಮೇಲಿನವರ ಮಾತು ಒಪ್ಪುತ್ತೇನೆ, ಆ ಪಬ್ ವಿಷಯ ಬಿಟ್ಟು. ಅಲ್ಲಿ ಮೇಜುಗಳೆಲ್ಲ ಹಳೇ ಗಿರಾಕಿಗಳಿಗೆ ಮೀಸಲು. ಒಬ್ಬಳೇ ಹೋಗಿ ನಿಂತೇ ಕುಡಿದು ಬಂದೆ. ಮೊದಲ ಸಲ ಹೋಗುವವರಿಗೆ ಉ ಪಿಂಕಾಸು ವಾಸಿ. ಪ್ರಾಗ್‌ಗೆ ಮೊದಲು ಪಿಲ್ಸ್‌ನರ್ ತರಿಸಿ ಮಾರಿದ ದರ್ಜಿಯ ಪಬ್ ಅದು, 1843ರಲ್ಲಿ ಶುರುವಾದದ್ದು, ವೆನ್ಸೆಸ್ಲಾಸ್ ಚೌಕದ ಪಕ್ಕದಲ್ಲೇ. ಕಪ್ಪು ಬಿಯರ್ ಬೇಕಾದರೆ ಉ ಫ್ಲೆಕು. ಪ್ರವಾಸಿಗಳು ತುಂಬಿರುತ್ತಾರೆ, ನಿಜ, ಆದರೂ ಅಲ್ಲೇ ತಯಾರಾಗುವ ಆ 13 ಡಿಗ್ರಿ ಬಿಯರ್‌ಗೆ ಹೋಗಲೇಬೇಕು.

ಇನ್ನೊಂದು ಜಾಗ ಸೇರಿಸಿ. ರಷ್ಯಾ ರಾಯಭಾರ ಕಚೇರಿಯ ಮುಂದಿನ ಚೌಕಕ್ಕೆ 2020ರಲ್ಲಿ ಬೋರಿಸ್ ನೆಮ್ತ್ಸೊವ್ ಹೆಸರಿಟ್ಟರು, ಪುಟಿನ್ ವಿರೋಧಿಯಾಗಿದ್ದು 2015ರಲ್ಲಿ ಮಾಸ್ಕೋದಲ್ಲಿ ಕೊಲೆಯಾದವರು. ಅಲ್ಲಿನ ರಾಜಕೀಯ ಬರೀ ಹಳೇ ಕಥೆಯಲ್ಲ ಅನ್ನುವುದಕ್ಕೆ ಆ ಒಂದು ಬೀದಿ ಫಲಕ ಸಾಕು.

ಪೇಪರ್‌ಹುಳ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 17ರ ಸಂಜೆ ನಾರೊದ್ನಿ, ಆಮೇಲೆ ಪಿಂಕಾಸು, ಖಚಿತ. ಮಾತಾಡುವ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ?

ವ್ಲ್ತಾವಾ ದಂಡೆ:
ಮರೆತೇಬಿಟ್ಟೆ. ಮೇಜು ಹಂಚಿಕೊಂಡು ಕೂರುವುದು ಅಲ್ಲಿ ಮಾಮೂಲು. ಕೂರುವ ಮುಂಚೆ ಜಾಗ ಖಾಲಿಯಿದೆಯಾ ಅಂತ ಕೇಳಿ, ಅಲ್ಲಿಂದಲೇ ಮಾತು ಶುರುವಾಗುತ್ತದೆ. ಈಗಿನ ಸರ್ಕಾರದ ಬಗ್ಗೆ ನೀವಾಗಿ ಅಭಿಪ್ರಾಯ ಹೇಳಲು ಹೋಗಬೇಡಿ. ‘89ರಲ್ಲಿ ನೀವೆಲ್ಲಿದ್ದಿರಿ?’ ಎಂದು ವಯಸ್ಸಾದವರನ್ನು ಕೇಳಿ. ನಾನು ಕೇಳಿದವರಲ್ಲಿ ಉತ್ತರ ಕೊಡದವರು ಯಾರೂ ಇರಲಿಲ್ಲ. ‘ಪೂರ್ವ ಯೂರೋಪ್’ ಅನ್ನಬೇಡಿ, ಅವರು ತಮ್ಮದು ಮಧ್ಯ ಯೂರೋಪ್ ಅನ್ನುತ್ತಾರೆ. ಕುಡಿದಷ್ಟನ್ನೂ ವೇಟರ್ ಒಂದು ಚೀಟಿಯಲ್ಲಿ ಗೀಟು ಹಾಕಿ ಮೇಜಿನ ಮೇಲೇ ಬಿಟ್ಟಿರುತ್ತಾನೆ, ಅದನ್ನು ಕಳೆಯಬೇಡಿ. ಗ್ಲಾಸ್ ಖಾಲಿಯಾದರೆ ಕೆಲವು ಕಡೆ ಕೇಳದೆಯೇ ಇನ್ನೊಂದು ಬರುತ್ತದೆ. ಸಾಕು ಅನ್ನಿಸಿದಾಗ ಗ್ಲಾಸ್ ಮೇಲೆ ಕೋಸ್ಟರ್ ಮುಚ್ಚಿಡಿ. ಬಾಡಿಗೆ ಕಾರು ತೆಗೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕುಡಿದು ಓಡಿಸುವ ವಿಷಯದಲ್ಲಿ ಅಲ್ಲಿನ ಮಿತಿ ಸೊನ್ನೆ. ಟ್ರಾಮ್ ರಾತ್ರಿಯಿಡೀ ಓಡುತ್ತದೆ.