ವಂಶವೃಕ್ಷದ ‘ಉದ್ಯೋಗ’ ಕಾಲಂನಲ್ಲಿ ಮಗಳು ಮಾಟಗಾತಿ ಎಂದು ಬರೆದಿದ್ದಾಳೆ

ಫಾಸ್ಟರ್ ಮನೆ ಸೊಸೆ:

ತಿಪಟೂರಿನವಳು ನಾನು. ಮ್ಯಾಸಚೂಸೆಟ್ಸ್‌ಗೆ ಬಂದು ಹದಿನಾಲ್ಕು ವರ್ಷವಾಯಿತು, ಗಂಡ ಇಲ್ಲಿಯವರೇ. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರು. ನನ್ನ ಕಡೆಯದು ಹತ್ತು ನಿಮಿಷದಲ್ಲಿ ಮುಗಿಯಿತು: ಮುತ್ತಜ್ಜನಿಂದಾಚೆಗೆ ಅಮ್ಮನಿಗೆ ಗೊತ್ತಿರುವುದು ಮನೆದೇವರ ಹೆಸರೊಂದೇ. ಗಂಡನ ಕಡೆಯದು ಹಾಗಲ್ಲ. ಅಂತರ್ಜಾಲದಲ್ಲಿ ಒಂದು ಹೆಸರು ಒತ್ತಿದರೆ ಹತ್ತು ಹೆಸರು ಉದುರುತ್ತಾ ಹೋಗಿ, ಸಂಜೆಯ ಹೊತ್ತಿಗೆ 1692ಕ್ಕೆ ಬಂದು ನಿಂತೆವು. ಆಂಡೋವರ್ ಊರಿನ ಆ್ಯನ್ ಫಾಸ್ಟರ್. ಆ ವರ್ಷ ಇಲ್ಲಿಯ ಸೇಲಂ ಎಂಬ ಊರಿನಲ್ಲಿ, ಮಾಟ ಮಾಡಿದರೆಂದು ಸುತ್ತಲಿನ ಜನರ ಮೇಲೆ ನಡೆಸಿದ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ ಜೈಲಿನಲ್ಲೇ ಸತ್ತವಳು.

ಮಗಳು ಕುಣಿದಾಡಿಬಿಟ್ಟಳು. ಆ ಹೆಸರಿನ ಮುಂದೆ ‘ಉದ್ಯೋಗ’ ಎಂದಿದ್ದ ಕಡೆ ನೇರಳೆ ಪೆನ್ನಿನಲ್ಲಿ ಮಾಟಗಾತಿ ಎಂದು ಬರೆದು ಪಕ್ಕದಲ್ಲೊಂದು ಪೊರಕೆ ಬಿಡಿಸಿದಳು. ಅವಳು ಬರೆದದ್ದು ಇಂಗ್ಲಿಷ್‌ನಲ್ಲಿ. ಆ ಮಾತು ಇಲ್ಲಿಯ ಮಕ್ಕಳಿಗೆ ಅಕ್ಟೋಬರ್‌ನಲ್ಲಿ ಹಾಕಿಕೊಳ್ಳುವ ಕರಿ ಟೋಪಿ, ಅಷ್ಟೇ. ಕನ್ನಡದಲ್ಲಿ ಹೇಳಿ ನೋಡಿ, ಹೊಸಿಲ ಕೆಳಗೆ ನಿಂಬೆಹಣ್ಣು ಹೂತವಳ ಮುಖ ಬರುತ್ತದೆ. ಅತ್ತೆಗಂತೂ ಹೆಮ್ಮೆಯೋ ಹೆಮ್ಮೆ. ಮಾಟದ ಆಪಾದನೆ ಹೊತ್ತವರ ವಂಶದ ಹೆಣ್ಣುಮಕ್ಕಳದ್ದೇ ಒಂದು ಸಂಘವಿದೆ, ಅದಕ್ಕೆ ಅರ್ಜಿ ಹಾಕುತ್ತೇನೆ ಎಂದು ಹೊರಟಿದ್ದಾರೆ. ತಿಪಟೂರಿಗೆ ಫೋನ್ ಮಾಡಿದರೆ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಇದನ್ನು ನಿಮ್ಮ ದೊಡ್ಡಪ್ಪನ ಮನೆಯವರ ಕಿವಿಗೆ ಹಾಕಬೇಡ. ಹೆಣ್ಣು ಮಗು” ಎಂದರು. ಮಗುವಿಗಿನ್ನೂ ಒಂಬತ್ತು ವರ್ಷ!

ಎರಡು ರಾತ್ರಿ ಕುಳಿತು ಆ ಕಾಲದ ಕಾಗದಗಳನ್ನು ಓದಿದೆ. ಆ್ಯನ್ ಎಪ್ಪತ್ತು ದಾಟಿದ ವಿಧವೆ. ಮೂರು ವರ್ಷದ ಹಿಂದಷ್ಟೇ ಒಬ್ಬ ಮಗಳನ್ನು ಕುಡುಕ ಅಳಿಯ ಕೊಂದು ತಾನೂ ಗಲ್ಲಿಗೇರಿದ್ದ. ಊರಿನ ಜೋಸೆಫ್ ಬ್ಯಾಲಾರ್ಡ್ ಎಂಬುವನ ಹೆಂಡತಿಗೆ ಜ್ವರ ಬಿಡದಿದ್ದಾಗ, ಮಾಟ ಮಾಡಿದವರನ್ನು ಕಂಡುಹಿಡಿಯಲೆಂದು ತಮಗೆ ಮಾಟ ತಗುಲಿದೆ ಎನ್ನುತ್ತಿದ್ದ ಸೇಲಂ ಹಳ್ಳಿಯ ಹುಡುಗಿಯರನ್ನು ಕರೆಸಿದರು. ಬೆರಳು ಈ ಮುದುಕಿಯ ಕಡೆ ತಿರುಗಿತು. ಜುಲೈನಲ್ಲಿ ಮೇಲಿಂದ ಮೇಲೆ ವಿಚಾರಣೆ. ಇನ್ನೊಬ್ಬ ಮಗಳು, ಮೊಮ್ಮಗಳನ್ನೂ ಎಳೆದು ತಂದರು, ಮಗಳೇ ತಾಯಿಯ ವಿರುದ್ಧ ಮಾತಾಡಿದಳು. ಮುದುಕಿ ಒಪ್ಪಿಕೊಂಡಳು. ಅದೇ ಆಪಾದನೆ ಹೊತ್ತಿದ್ದ ಮಾರ್ಥಾ ಕ್ಯಾರಿಯರ್ ಜೊತೆ ಕೋಲಿನ ಮೇಲೆ ಸೈತಾನನ ಸಭೆಗೆ ಹಾರಿ ಹೋದೆ, ಮರಗಳ ಮೇಲೆ ಹೋಗುವಾಗ ಕೋಲು ಮುರಿಯಿತು, ಮಾರ್ಥಾಳ ಕೊರಳಿಗೆ ಜೋತುಬಿದ್ದೆ ಎಂದಳು. ಸೈತಾನನ ಸಭೆಯಲ್ಲಿ ಊಟಕ್ಕೇನು ಮಾಡಿದೆ ಎಂದು ಜಾನ್ ಹೇಲ್ ಎಂಬ ಪಾದ್ರಿ ಕೇಳಿದ್ದಕ್ಕೆ, ಜೇಬಿನಲ್ಲಿ ಬ್ರೆಡ್ಡು, ಚೀಸು ಇಟ್ಟುಕೊಂಡಿದ್ದೆ, ಸಭೆ ಶುರುವಾಗುವ ಮೊದಲು ಮರದ ಕೆಳಗೆ ಕುಳಿತು ತಿಂದೆವು, ತೊರೆಯ ನೀರು ಕುಡಿದೆ ಎಂದಳು.

ಅಲ್ಲಿಂದ ಮುಂದೆ ಓದಲಾಗಲಿಲ್ಲ. ನಮ್ಮಜ್ಜಿ ಎಡೆಯೂರಿನ ತೇರಿಗೆ ಹೋಗುತ್ತಿದ್ದದ್ದು ಹೀಗೆಯೇ: ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಗಂಟು ಕಟ್ಟಿಕೊಂಡು, ತೇರು ಹೊರಡುವ ಮೊದಲೇ ಮರದ ನೆರಳು ಹಿಡಿದು. ಸೈತಾನನ ಸಭೆಗೆ ಹೋದ ಕತೆ ಕಟ್ಟು ಎಂದು ಪೀಡಿಸಿದರೆ ಆ ಮುದುಕಿಗೆ ಕಟ್ಟಲು ಬಂದದ್ದು ಬುತ್ತಿಯ ಕತೆ.

ಡಿಸೆಂಬರ್‌ನಲ್ಲಿ ಸತ್ತಳು, ಜೈಲಿಗೆ ಹಾಕಿ 21 ವಾರವಾಗಿತ್ತು. ಮಗ ಅಬ್ರಹಾಂ ಹೆಣ ಬಿಡಿಸಿಕೊಳ್ಳಲು ಜೈಲಿನವನಿಗೆ ದುಡ್ಡು ಕೊಡಬೇಕಾಯಿತು. 1711ರಲ್ಲಿ ಸರ್ಕಾರ ಆ ಮನೆಗೆ ಕೊಟ್ಟ ಪರಿಹಾರ 6 ಪೌಂಡ್ 10 ಶಿಲ್ಲಿಂಗ್.

ಈಗ ನನ್ನ ಪ್ರಶ್ನೆ ಎರಡು. ಅಂತರ್ಜಾಲದಲ್ಲಿ ಸಿಕ್ಕಿದ ಈ ಸರಪಳಿಯನ್ನು ನಂಬಬಹುದೇ? 1750ಕ್ಕಿಂತ ಹಿಂದಿನ ಕೊಂಡಿಗಳಿಗೆಲ್ಲ ಆಧಾರವೆಂದು ಕೊಟ್ಟಿರುವುದು ಇನ್ನೊಬ್ಬರು ಬರೆದ ವೃಕ್ಷವನ್ನು. ಎರಡನೆಯದು, ಆ ಕಾಲಂನಲ್ಲಿ ಏನು ಬರೆಸಲಿ?

ಹಳೆಕಾಗದ:

ಮೇಡಂ, ಸಂಘದ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಲು ಅತ್ತೆಯವರಿಗೆ ಹೇಳಿ. ಫಾಸ್ಟರ್ ಎಂಬುದು ಆ ಸೀಮೆಯಲ್ಲಿ ನಮ್ಮ ಗೌಡ, ಪಾಟೀಲ ಇದ್ದ ಹಾಗೆ. ಆ್ಯನ್‌ಳ ಗಂಡ ಆ್ಯಂಡ್ರೂನದು ಒಂದು ಮನೆತನ. ಇಪ್ಸ್‌ವಿಚ್‌ನಲ್ಲಿ ನೆಲೆಸಿದ ರೆಜಿನಾಲ್ಡ್ ಫಾಸ್ಟರ್‌ನದು ಇನ್ನೊಂದು, ಅವನಿಗೂ ಅಬ್ರಹಾಂ ಎಂಬ ಮಗನಿದ್ದ, ಆ ಅಬ್ರಹಾಮನ ಮಗ ಎಫ್ರಾಯಿಂ ಆಂಡೋವರ್‌ಗೇ ಬಂದು ಸೇರಿದ. ಒಂದೇ ಜಿಲ್ಲೆ, ಎರಡು ಮನೆ, ಎರಡು ಅಬ್ರಹಾಂ. ಅಂತರ್ಜಾಲದ ವೃಕ್ಷಗಳಲ್ಲಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಿಮ್ಮ ಮನೆಯವರಿಂದ ಹಿಂದಕ್ಕೆ ಹೋಗಿ, ಸೇಲಂನಿಂದ ಮುಂದಕ್ಕೆ ಬರಬೇಡಿ. ಪ್ರತಿ ತಲೆಮಾರಿಗೂ ಒಂದು ಕಾಗದ ಸಿಗಬೇಕು. 1850ರವರೆಗಿನ ಹುಟ್ಟು, ಮದುವೆ, ಸಾವುಗಳ ಪಟ್ಟಿ ಅಲ್ಲಿನ ಎಷ್ಟೋ ಊರುಗಳಿಗೆ ಅಚ್ಚಾಗಿದೆ. ಆದರೆ ಹುಟ್ಟಿನ ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಅದು ನಿಮ್ಮವನೇ ಎಂದಾಗುವುದಿಲ್ಲ. ಎಸೆಕ್ಸ್ ಜಿಲ್ಲೆಯ ಉಯಿಲುಗಳನ್ನು ನೋಡಿ. ಯಾರಿಗೆ ಗದ್ದೆ, ಯಾರಿಗೆ ಹಸು, ಯಾವ ಮಗಳಿಗೆ ಹಾಸಿಗೆ ಎಂದು ಬರೆಯುವಾಗ ಯಾರ ಮಕ್ಕಳು ಯಾರೆಂಬುದು ಬಯಲಾಗುತ್ತದೆ. ಮದುವೆಯಾದ ಹೆಣ್ಣುಮಕ್ಕಳ ತವರು ಪತ್ತೆಯಾಗುವುದೂ ಹೆಚ್ಚಾಗಿ ಅಲ್ಲೇ. ಇನ್ನೊಂದು: 1752ಕ್ಕೆ ಮುಂಚೆ ಅವರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಫೆಬ್ರುವರಿಯಲ್ಲಿ ಹುಟ್ಟಿದವನ ಇಸವಿ ಒಂದು ವರ್ಷ ಹಿಂದೆ ಬಿದ್ದಿರುತ್ತದೆ, ಗಾಬರಿಯಾಗಬೇಡಿ.

ಇದನ್ನು ನೋಡಿ ಮಗಳ ಶಿಕ್ಷಕರು ಏನೆಂದುಕೊಂಡಾರು ಎಂಬ ಚಿಂತೆ ಬೇಡ. ಅದೇ ಮಾಟದ ಮೊಕದ್ದಮೆಗಳಲ್ಲಿ ಶಿಕ್ಷೆಯಾದ ಆಂಡೋವರ್‌ನ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರು 2022ರವರೆಗೂ ಅಪರಾಧಿಗಳ ಸಾಲಿನಲ್ಲೇ ಉಳಿದಿತ್ತು, ಅದನ್ನು ತೆಗೆಸಲು ಓಡಾಡಿದವರು ನಾರ್ತ್ ಆಂಡೋವರ್‌ನ ಎಂಟನೆಯ ತರಗತಿಯ ಮಕ್ಕಳು.

ಬೀದರ್ ಮಾಸ್ತರ:

ತಂಗಿ, ನಿನ್ನ ತಾಯಿಯವರು ಬೆಚ್ಚಿದ್ದರಲ್ಲಿ ತಪ್ಪೇನಿದೆ? ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಒಂದು ವರ್ಷ ಬಾನಾಮತಿಯ ಗದ್ದಲವೆದ್ದಿತು. ಸೊಸೆಯೊಬ್ಬಳು ನಾಯಿಯಂತೆ ಬೊಗಳತೊಡಗಿದಳು, ಮರುವಾರ ಇನ್ನೊಬ್ಬಳು. ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದ ಮುದುಕಿಯ ಮೇಲೆ ಹೊರಿಸಿದರು. ಮಂತ್ರ ಹೇಳಲು ಬಾರದಿರಲಿ ಎಂದು ಅವಳ ಮುಂದಿನ ಹಲ್ಲುಗಳನ್ನು ಕಲ್ಲಿನಿಂದ ಜಜ್ಜಿದರು. ಮುಂಚೂಣಿಯಲ್ಲಿದ್ದವನು ಅವಳ ಮೈದುನನ ಮಗ. ಅವಳ ಎರಡು ಎಕರೆಯ ಮೇಲೆ ಅವನ ಕಣ್ಣಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಮೇಲೂ ಆಕೆ ಹತ್ತು ವರ್ಷ ಬದುಕಿದ್ದಳು. ನಾವು ಹುಡುಗರು ಹುಣಸೆಹಣ್ಣು ಕೇಳಲು ಹೋದರೆ ಎಡಗೈಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಲಗೈಯಲ್ಲಿ ಕೊಡುತ್ತಿದ್ದಳು.

ನಿನ್ನ ಅತ್ತೆಗೂ ಆ ಮುದುಕಿಗೂ ನಡುವೆ ಮುನ್ನೂರು ವರ್ಷವಿದೆ, ಹೆಮ್ಮೆಪಡಲಿ. ನಮ್ಮೂರ ಮುದುಕಿಯ ಮೊಮ್ಮಗ ಬೇರೆ ಊರಿನಲ್ಲಿ ಅಂಗಡಿ ಇಟ್ಟಿದ್ದಾನೆ, ಊರ ಹೆಸರು ಕೇಳಿದರೆ ಮಾತು ತಿರುಗಿಸುತ್ತಾನೆ. ಕಾಲಂನಲ್ಲಿ ಆ ಮಾತಂತೂ ಬೇಡ. ಊರವರು ಕೂಗಿದ್ದನ್ನೇ ನಾವೂ ಬರೆದುಕೊಂಡ ಹಾಗಾಗುತ್ತದೆ.

ಜೀರಿಗೆ:

ಮಾಸ್ತರರ ಮಾತು ಸರಿ. ಆದರೂ ಪೊರಕೆ ಇರಲಿ ಬಿಡಿ, ಮಗು ಚೆನ್ನಾಗಿ ಬಿಡಿಸಿರುತ್ತದೆ.

ಫಾಸ್ಟರ್ ಮನೆ ಸೊಸೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮೊದಲಿಗೆ ಜೀರಿಗೆಯವರಿಗೆ: ಕಾಗದದಲ್ಲಿರುವುದು ಕೋಲು. ಮಗಳಿಗೆ ಹೇಳಿದ್ದಕ್ಕೆ ಪೊರಕೆಯ ಹುಲ್ಲನ್ನಷ್ಟೇ ಅಳಿಸಿದಳು.

ಹಳೆಕಾಗದ ಅವರೇ, ನಿಮ್ಮ ಅನುಮಾನವೇ ನಿಜವಾಯಿತು. 1740ರ ದಶಕದ ಒಂದು ಉಯಿಲು ಎಲ್ಲವನ್ನೂ ಬುಡಮೇಲು ಮಾಡಿತು. ನಮ್ಮವರು ಆ್ಯನ್‌ಳ ಮನೆಯವರಲ್ಲ, ಎಫ್ರಾಯಿಂ ಫಾಸ್ಟರ್‌ನ ಕಡೆಯವರು. ಅವನ ಹೆಸರೂ ಅದೇ 1692ರ ಕಾಗದಗಳಲ್ಲಿದೆ, ಆದರೆ ಸಾಕ್ಷಿಗಳ ಕಡೆ. ಸ್ಯಾಮುಯೆಲ್ ವಾರ್ಡ್‌ವೆಲ್ ಎಂಬ ಬಡಗಿ ಕಣಿ ಹೇಳುತ್ತಿದ್ದನಂತೆ. ನನ್ನ ಹೆಂಡತಿಗೆ ಐದು ಹೆಣ್ಣಾದ ಮೇಲೆಯೇ ಗಂಡಾಗುವುದು ಎಂದಿದ್ದ, ಹಾಗೆಯೇ ಆಯಿತು ಎಂದು ಎಫ್ರಾಯಿಂ ನ್ಯಾಯಾಲಯದಲ್ಲಿ ಹೇಳಿದ. ಸೆಪ್ಟೆಂಬರ್ 22ರಂದು ವಾರ್ಡ್‌ವೆಲ್‌ನನ್ನು ಗಲ್ಲಿಗೇರಿಸಿದರು. ಐದು ಹೆಣ್ಣು ಹುಟ್ಟಿದ್ದೂ ಸಾಕ್ಷಿಯಾಗುತ್ತದೆ!

ಅತ್ತೆ ಎರಡು ದಿನ ನನಗೆ ಫೋನ್ ಮಾಡಲಿಲ್ಲ. ಉಯಿಲು ಹುಡುಕಿದ್ದೇ ನನ್ನ ತಪ್ಪು ಎಂಬಂತೆ.

ಆ ಐದು ಹೆಣ್ಣು ಹೆತ್ತ ಹೆಂಡತಿ ಹ್ಯಾನಾ. ಅವಳ ತವರು ಹುಡುಕಿದೆ. ತಾಯಿ ರೆಬೆಕಾ ಈಮ್ಸ್. ಆಗಸ್ಟ್‌ನಲ್ಲಿ ಹಿಡಿದು, ಮಾಟದ ತಪ್ಪೊಪ್ಪಿಗೆ ಹೇಳಿಸಿ, ಅದೇ ಸೆಪ್ಟೆಂಬರ್ ತಿಂಗಳಲ್ಲಿ ಮರಣದಂಡನೆ ವಿಧಿಸಿದ್ದರು. ಗಲ್ಲಿಗೇರಲಿಲ್ಲ. ಜೈಲಿನಿಂದಲೇ ಗವರ್ನರ್‌ಗೆ ಅರ್ಜಿ ಬರೆಸಿ ಮರುವರ್ಷ ಹೊರಬಂದಳು. ಅಂದರೆ ಅತ್ತೆ ರೆಬೆಕಾ ಜೈಲಿನಲ್ಲಿದ್ದಾಗ ಅಳಿಯ ಎಫ್ರಾಯಿಂ ಇನ್ನೊಬ್ಬನ ಮೇಲೆ ಮಾಟದ ಸಾಕ್ಷಿ ಹೇಳಿ ಬಂದಿದ್ದಾನೆ. ಅವನು ಮನೆಗೆ ಬಂದಾಗ ಹ್ಯಾನಾ ಬಡಿಸಿದಳೋ ಇಲ್ಲವೋ ಯಾವ ಕಾಗದದಲ್ಲೂ ಇಲ್ಲ.

ಸಂಘದ ಅರ್ಜಿ ಮತ್ತೆ ಹೊರಬಂದಿದೆ, ಈಗ ರೆಬೆಕಾಳ ಹೆಸರಿನಲ್ಲಿ.

ಮಗಳು ಹೊಸ ಹಾಳೆಯಲ್ಲಿ ಮೊದಲಿನಿಂದ ಬರೆದಳು. ರೆಬೆಕಾಳ ಮುಂದೆ ‘ಮಾಟಗಾತಿ ಎಂದು ಸುಳ್ಳು ಆಪಾದನೆ ಹೊತ್ತವಳು’ ಎಂದು ಬರೆಸಿದೆ, ಕಾಲಂ ಸಾಲದೆ ಅಂಚಿಗೆ ಹೋಯಿತು. ಎಫ್ರಾಯಿಂನ ಮುಂದೆ ಏನು ಬರೆಯಲಿ ಎಂದಳು. ನನಗೂ ತೋಚದೆ ರೈತ ಎಂದು ಬರೆ ಎಂದೆ.

ಅಮ್ಮನಿಗೆ ಸದ್ಯಕ್ಕೆ ಅರ್ಧ ಮಾತ್ರ ಹೇಳಿದ್ದೇನೆ: ಆ ಮುದುಕಿ ನಮ್ಮವಳಲ್ಲವಂತೆ ಎಂದು. “ಯಾರು, ಬುತ್ತಿ ಕಟ್ಟಿಕೊಂಡು ಹೋದವಳಾ?” ಎಂದರು. ಹೌದೆಂದೆ. “ಅವಳೊಬ್ಬಳು ಇದ್ದಿದ್ದರೆ ಇರುತ್ತಿದ್ದಳು ಬಿಡು” ಎಂದು ಕುಕ್ಕರ್ ಕೂಗಿತೆಂದು ಫೋನ್ ಇಟ್ಟರು.